ಕೂಸಿಗೆಂದು ಉಳಿಸಿಟ್ಟ ಕಾಲು

ಸಂಶಿಯ ಬಡಿಗೇರ ಓಣಿಯಲ್ಲಿ ಈಗ ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಬಹಳಷ್ಟು ಮಂದಿ ಒಂದು ಕಾಲಕ್ಕೆ ಅನ್ನವ್ವನ ಕಾಲ ಮೇಲೆ ಬೋರಲು ಬಿದ್ದು ಚೀರಾಡಿದವರೇ. ಕಟ್ಟೆಯ ಮೇಲೆ ಕೂತು ಯಾರಾದರೂ ದೊಡ್ಡ ದೊಡ್ಡ ಮಾತು ಶುರುಮಾಡಿದರೆ ಅನ್ನವ್ವ ಹಾದುಹೋಗುತ್ತಲೇ ಆ ಸಂಗತಿ ನೆನಪಿಸುತ್ತಿದ್ದಳು. ಯಾವನ ಕುಂಡೆಯ ಮೇಲೆ ಎಲ್ಲಿ ಮಚ್ಚೆ ಇದೆ ಎಂಬುದು ತನಗೆ ಗೊತ್ತು ಎಂದು ಒಂದು ಮಾತು ಒಗೆದಳೆಂದರೆ ಮುಗಿಯಿತು, ಎಂಥ ಭಾಷಣಕಾರನ ಬಾಯಿಯೂ ಬಂದ್ ಆಗುತ್ತಿತ್ತು.

ಅನ್ನವ್ವ ಸೂಲಗಿತ್ತಿಯಲ್ಲ. ಹೆರಿಗೆಯ ಉಸಾಬರಿಗೆ ಅವಳು ಹೋದವಳೇ ಅಲ್ಲ. ಹುಟ್ಟಿದ ಕೂಸು ಮನೆಗೆ ಬಂದ ಮೇಲೆ ಅದಕ್ಕೆ ಎಣ್ಣೆ ತಿಕ್ಕಿ ಎರೆಯುವುದು ಅವಳ ಪಾಲಿನ ಕೆಲಸ. ಬಚ್ಚಲಿನಲ್ಲಿ ಮಣೆ ಹಾಕಿ ಕೂತು, ಸೀರೆ ಮೇಲೆತ್ತಿ, ಎರಡೂ ಕಾಲು ಜೋಡಿಸಿ ನೆಟ್ಟಗೆ ಚಾಚಿದಳೆಂದರೆ ನಡುವೆ ಒಂದು ಹದವಾದ ತಗ್ಗು ಬೀಳುತ್ತಿತ್ತು. ಅದರಲ್ಲಿ ಕೂಸನ್ನು ಮಲಗಿಸಿ ಎದೆ, ಬೆನ್ನು, ತೊಡೆ ಎಂದು ತಿಕ್ಕುತ್ತ, ತಂಬಿಗೆಯಿಂದ ಬಿಸಿನೀರು ಸುರಿಯುತ್ತ, ಬಾಯಿಗೆ ಬಂದ ಜೋಗುಳ ಬೈಗುಳ ಎರಡನ್ನೂ ಕೂಡಿಸಿ ಹಾಡುತ್ತಿದ್ದಳು. ಮೊದಲು ಓಣಿಗೆಲ್ಲ ಕೇಳುವಂತೆ ಕಿರುಚಿದ ಕೂಸು, ಬೆನ್ನಿಗೆ ನೀರು ಬೀಳುವ ಹೊತ್ತಿಗೆ ಕಣ್ಣು ತೇಲಿಸುತ್ತಿತ್ತು. ಯಾರ ಮನೆ, ಯಾವ ಜಾತಿ ಎಂದು ನೋಡಿದವಳಲ್ಲ. ಬಾಣಂತನ ಮುಗಿದ ದಿನ ಉಡಿ ತುಂಬಿಸಿಕೊಂಡು ಬರುವಳು, ಅಷ್ಟೇ.

ದಾನೇಶ್ವರಿ ದೇವಿಕೊಪ್ಪದಿಂದ ಅನ್ನವ್ವನ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಕಂಡಳು. ಪಕ್ಕದ ಮನೆಯ ಶಮೀಮಾಬಿ ಆಗ ಹಡೆದಿದ್ದಳು. ಅತ್ತೆ ಕೂಸಿಗೆ ಎರೆಯುವುದನ್ನು ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ದಾನೇಶ್ವರಿಗೆ ಅದೇನಾಯಿತೋ, ಕಣ್ಣಲ್ಲಿ ನೀರು ದಳದಳ ಇಳಿಯಿತು. ಅವಳ ತಾಯಿ ಅವಳು ಅಂಬೆಗಾಲಿಡುವಾಗಲೇ ತೀರಿಹೋದವಳು. ತನಗೆ ಹೀಗೆ ಯಾರು ಎರೆದರು, ಎರೆದರೋ ಇಲ್ಲವೋ, ಹೇಳುವವರೂ ಇರಲಿಲ್ಲ. ಮುಂದಿನ ಸೋಮವಾರ ಅನ್ನವ್ವ ಸೊಸೆಯನ್ನು ಹಿಡಿದು ಕೂರಿಸಿ, ತಲೆಗೆ ಎಣ್ಣೆ ಬಡಿದು, ಹಂಡೆಯ ನೀರು ಖಾಲಿಯಾಗುವ ತನಕ ಎರೆದಳು. ಅವತ್ತಿನಿಂದ ಅತ್ತೆ ಎಂದರೆ ದಾನೇಶ್ವರಿಗೆ ಪ್ರಾಣ. ಅತ್ತೆ ಸೊಸೆ ಇಷ್ಟು ಹೊಂದಿಕೊಂಡದ್ದು ಓಣಿಯ ಹೆಂಗಸರಿಗೆ ಸೇರಲಿಲ್ಲ, ಅವರು ಮೂಗು ಮುರಿದರು. ಮುರಿದುಕೊಳ್ಳಲಿ ಬಿಡಿ.

ಅನ್ನವ್ವನ ಮೊಣಕಾಲು ನೋಯಲು ಶುರುವಾದದ್ದು ಯಾವಾಗ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಅವಳು ಹೇಳಿದ್ದರೆ ತಾನೆ. ಮೊದಮೊದಲು ನೆಲದಿಂದ ಏಳುವಾಗ ಒಂದು ಕೈ ಗೋಡೆಗೆ ಹೋಗುತ್ತಿತ್ತು. ಆಮೇಲೆ ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನವರು ಗೊಣಗುವಷ್ಟು ತಡವಾಯಿತು. ಬೆಳಗ್ಗೆ ಹಾಸಿಗೆ ಬಿಟ್ಟಾಗ ಕಾಲು ಬಿಗಿದುಕೊಂಡಿದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲವಾಗುತ್ತಿತ್ತು. ಕೂತರೆ ಎದ್ದರೆ ಕಟಕಟ ಸದ್ದು. ಎಕ್ಕೆಯ ಎಲೆ ಕಾಸಿ ಕಟ್ಟಿದ್ದಾಯಿತು, ಬಿಸಿ ಉಸುಕಿನ ಗಂಟು ಒತ್ತಿದ್ದಾಯಿತು, ಊರ ಡಾಕ್ಟರನ ಸೂಜಿ ಚುಚ್ಚಿಸಿಕೊಂಡದ್ದೂ ಆಯಿತು. ಇಷ್ಟೆಲ್ಲ ಆದರೂ ಕೂಸು ಬಂತು ಎಂದು ಯಾರಾದರೂ ಕರೆದರೆ ಹೊರಟೇಬಿಡುವಳು. ಮನೆಗೆ ಬಂದು ಸಂಜೆಯೆಲ್ಲ ಮೊಣಕಾಲು ತಿಕ್ಕುತ್ತ ಕೂರುವಳು.

ಕೊನೆಗೆ ಮಗ ಈರೇಶ ಹಟ ಹಿಡಿದು ಹುಬ್ಬಳ್ಳಿಯ ದವಾಖಾನೆಗೆ ಕರೆದುಕೊಂಡು ಹೋದ. ಊರ ಬಸ್ ಸ್ಟ್ಯಾಂಡಿನ ಬಾಜು ಅವನದು ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು. ದವಾಖಾನೆಯಲ್ಲಿ ಮೂಳೆಯ ಡಾಕ್ಟರು ನಿಲೋಫರ್ ಎಂಬ ಹೆಣ್ಣುಮಗಳು. ಹೊರಗೆ ಮಂದಿ ಸಂತೆಯ ಹಾಗೆ ನೆರೆದಿದ್ದರೂ ಸಮಾಧಾನದಿಂದ ಮೊಣಕಾಲಿನ ಎಕ್ಸ್‌ರೇ ಫೋಟೋ ತೋರಿಸಿ ಹೇಳಿದಳು: ಎರಡು ಎಲುಬಿನ ನಡುವೆ ಮೆತ್ತನೆಯ ಗಾದಿ ಇರುತ್ತದೆ, ಅದು ಸವೆದು ತೆಳ್ಳಗಾಗಿದೆ, ಹಾಗೆಂದು ಕಾಲು ಮುಗಿದಿಲ್ಲ, ತೂಕ ಸ್ವಲ್ಪ ಇಳಿಸಿ, ಕುಕ್ಕರಗಾಲಲ್ಲಿ ಕೂರುವುದು ಬಿಡಿ, ಸಪಾಟು ನೆಲದ ಮೇಲೆ ದಿನಾ ನಡೆಯಿರಿ, ತೊಡೆಗೆ ಶಕ್ತಿ ಬರುವ ಹಾಗೆ ಈ ಕಸರತ್ತು ಮಾಡಿ, ಕೆಲವು ತಿಂಗಳು ಬಿಟ್ಟು ಬನ್ನಿ. ಇಷ್ಟನ್ನೂ ಹೇಳಿದಳು. ಆದರೆ ಈರೇಶನ ಕಣ್ಣು ಫೋಟೋದ ಮೇಲೆ ಅಂಟಿತ್ತು. ಸವೆದಿದೆ ಎಂಬ ಒಂದು ಮಾತು ಕಿವಿಗೆ ಬಿದ್ದದ್ದೇ ಅವನಿಗೆ ಎಲ್ಲ ತಿಳಿದುಹೋಯಿತು. ಹುಟ್ಟಿದಾಗಿನಿಂದ ಸವೆದದ್ದನ್ನೇ ಬಿಚ್ಚಿ ಕಟ್ಟುತ್ತ ಬಂದವನಿಗೆ ಮುಂದಿನ ಮಾತು ಯಾಕೆ ಬೇಕು? ಅನ್ನವ್ವನೋ, ಕಸರತ್ತು ಎಂಬ ಮಾತಿಗೇ ನಕ್ಕುಬಿಟ್ಟಳು. ಹೊಲ ಮನೆ ದುಡಿದು ಹಣ್ಣಾದ ಕಾಲಿಗೆ ಇನ್ನು ಪೈಲ್ವಾನರ ಹಾಗೆ ಸಾಮು ಬೇರೆ ಮಾಡಿಸಬೇಕೇ ಎಂದಳಂತೆ.

ಮನೆಗೆ ಬಂದು ಈರೇಶ ಹೆಂಡತಿಯ ಎದುರಿಗೇ ತಾಯಿಗೆ ಬಿಡಿಸಿ ಹೇಳಿದ.

"ಇದು ಬೇರಿಂಗ್ ಇದ್ದಂಗ ಬೇ ಯವ್ವಾ. ಸವದದ್ದು ಸವದ ಹೋತು. ಉಳದದ್ದನ್ನ ಜ್ವಾಕಿ ಮಾಡಬೇಕು. ಎಷ್ಟು ಕಡಿಮಿ ಓಡಸ್ತೀವೋ ಅಷ್ಟು ದಿನಾ ಬರ್ತೈತಿ."

ಮಾತು ಎಷ್ಟು ಸರಳವಾಗಿತ್ತು ನೋಡಿ. ಡಾಕ್ಟರು ಹೇಳಿದ್ದು ಮನೆಯಲ್ಲಿ ಯಾರ ತಲೆಗೂ ಹೋಗಿರಲಿಲ್ಲ, ಈರೇಶ ಹೇಳಿದ್ದು ಎಲ್ಲರಿಗೂ ಹೋಯಿತು.

ಹೆಚ್ಚುಕಡಿಮೆ ಅದೇ ದಿನಗಳಲ್ಲಿ ದಾನೇಶ್ವರಿಗೆ ಮುಟ್ಟು ನಿಂತಿತು. ಮದುವೆಯಾಗಿ ಎಷ್ಟೋ ವರ್ಷ ಆಗಿತ್ತು. ಕಾಯ್ದು ಕಾಯ್ದು, ಹರಕೆ ಹೊತ್ತು, ಹುಬ್ಬಳ್ಳಿಯ ದವಾಖಾನೆಗಳ ಬೆಂಚು ಸವೆಸಿ, ಇನ್ನು ಆಸೆ ಬಿಡುವುದೇ ಒಳ್ಳೆಯದು ಎಂದು ಗಂಡ ಹೆಂಡಿರು ಸುಮ್ಮನಾಗಿದ್ದರು. ಅನ್ನವ್ವ ಒಬ್ಬಳೇ ಬಿಟ್ಟಿರಲಿಲ್ಲ. ಇಷ್ಟು ಮಂದಿಯ ಕೂಸಿಗೆ ಎರೆದ ಕಾಲಿಗೆ ಶಿವ ನನ್ನ ಮನೆಯ ಕೂಸು ಕೊಡದೆ ಇರುತ್ತಾನೆಯೇ ಎನ್ನುತ್ತಿದ್ದಳು. ಸುದ್ದಿ ಕೇಳಿದವಳು ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಲಟಿಕೆ ಮುರಿದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ದಾನೇಶ್ವರಿಗೆ ತವರಿನಲ್ಲಿ ಯಾರಿದ್ದಾರೆ? ನನಗೆ ತವರು ಅಂದರೂ ನೀವೇ ಎಂದು ಅವಳು ಅತ್ತಳು.

"ಬಾಣಂತನ ಇಲ್ಲೇ ಆಗ್ತೈತಿ. ನಿನ್ನ ಕೂಸಿಗೆ ಎರಿಯಾಕಿ ನಾನ. ಮತ್ತೊಬ್ಬರ ಕಾಲಿಗೆ ಅದನ್ನ ಹಾಕಾಂಗಿಲ್ಲ" ಎಂದಳು ಅನ್ನವ್ವ. ಆಮೇಲೆ ತನ್ನ ಮೊಣಕಾಲು ನೋಡಿಕೊಂಡು, "ಉಳದದ್ದನ್ನೆಲ್ಲಾ ಅದಕ್ಕ ಇಡ್ತೀನಿ ತಗೋ" ಎಂದಳು.

ಅವತ್ತಿನಿಂದ ಆ ಮನೆಯಲ್ಲಿ ಕಾಲನ್ನು ಉಳಿಸುವ ವ್ರತ ಶುರುವಾಯಿತು. ಬೇರೆಯವರ ಕೂಸಿಗೆ ಎರೆಯಲು ಹೋಗುವುದು ಮೊದಲು ನಿಂತಿತು. ಸೋಮವಾರದ ಗುಡಿ ನಿಂತಿತು. ಹಿತ್ತಲಿಗೆ ಹೋಗುವುದೂ ಬೇಡವೆಂದು ಈರೇಶ ಒಳಗೇ ಕುರ್ಚಿಯಂಥ ಪಾಯಖಾನೆ ಮಾಡಿಸಿದ. ದಾನೇಶ್ವರಿ ತನ್ನ ಬಸುರಿನ ಸಂಕಟ ಬದಿಗಿಟ್ಟು ಅತ್ತೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಚಹಾ ಮಂಚಕ್ಕೆ, ರೊಟ್ಟಿ ಮಂಚಕ್ಕೆ, ಮುಖ ತೊಳೆಯುವ ನೀರೂ ಮಂಚಕ್ಕೆ. ಅನ್ನವ್ವನ ತವರು ತಿರ್ಲಾಪುರದಿಂದ ಬಂದ ಹತ್ತಿ ತುಂಬಿ ಒಂದು ಉದ್ದನೆಯ ದಿಂಬು ಹೊಲಿದು, ಮಲಗಿದಾಗ ಅತ್ತೆಯ ಮೊಣಕಾಲ ಕೆಳಗೆ ಇಡುತ್ತಿದ್ದಳು. ಕಾಲು ಅದರ ಮೇಲೆ ಅರ್ಧ ಮಡಚಿ ಕೂತರೆ ನೋವು ಎಲ್ಲಿ ಹೋಯಿತೋ ಎನ್ನುವಷ್ಟು ಹಗುರಾಗುತ್ತಿತ್ತು. ಅನ್ನವ್ವ ಕಣ್ಣು ಮುಚ್ಚಿ, ನನ್ನ ತಾಯಿ ನೀನು ಎನ್ನುವಳು. ತಾಯಿಯನ್ನು ಕಾಣದ ದಾನೇಶ್ವರಿಗೆ ಆ ಮಾತು ಕೇಳಿದರೆ ಹೊಟ್ಟೆ ತುಂಬುತ್ತಿತ್ತು.

ಶಮೀಮಾಬಿಗೆ ಇದು ಸರಿ ಕಾಣಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿದು ಮಕ್ಕಳನ್ನು ಬೆಳೆಸಿದ ಅವಳು, ಅನ್ನವ್ವಕ್ಕನನ್ನು ಸಂಜೆ ಸಂಜೆ ನನ್ನ ಮನೆಯ ತನಕವಾದರೂ ನಡೆಸಿಕೊಂಡು ಬಾ, ಚಹಾ ಕುಡಿದು ಹೋಗಲಿ ಎಂದು ದಾನೇಶ್ವರಿಗೆ ಎಷ್ಟೋ ಸಲ ಹೇಳಿದಳು. ಪಕ್ಕದ ಬಾಗಿಲು, ದೂರವೇನಲ್ಲ. ದಾನೇಶ್ವರಿ ಒಂದು ದಿನ ರೇಗಿದಳು. ನಮ್ಮ ಅತ್ತೆಯ ಕಾಲಿನ ಚಿಂತೆ ನಮಗಿದೆ, ಡಾಕ್ಟರು ಸವೆದಿದೆ ಎಂದು ಹೇಳಿದ್ದಾರೆ, ನಿಮ್ಮ ಮನೆಯ ಚಹಾ ಕುಡಿಯಲು ಅದನ್ನು ಇನ್ನಷ್ಟು ಸವೆಸಬೇಕೇ ಎಂದಳು. ಶಮೀಮಾಬಿ ಮುಂದೆ ಆ ಮಾತೆತ್ತಲಿಲ್ಲ. ಚಹಾವನ್ನು ತಾನೇ ತಂದು ಮಂಚದ ಬಳಿ ಕೊಟ್ಟು ಹೋಗತೊಡಗಿದಳು.

ಇದರಲ್ಲಿ ಮೋಸ ಎಲ್ಲಿತ್ತೆಂದರೆ, ನೋವು ನಿಜವಾಗಿಯೂ ಕಡಿಮೆಯಾಗಿತ್ತು. ಆಡದ ಕಾಲು ನೋಯುವುದಾದರೂ ಹೇಗೆ? ಈರೇಶ ತನ್ನ ಮಾತು ನಿಜವಾಯಿತೆಂದು ಬೀಗಿದ. ನೋವೇ ಇಲ್ಲದ ಮೇಲೆ ಡಾಕ್ಟರ ಹತ್ತಿರ ಮತ್ತೆ ಹೋಗುವ ಗರಜು ಯಾರಿಗೂ ಕಾಣಲಿಲ್ಲ. ಅನ್ನವ್ವ ಮೈಕೈ ತುಂಬಿಕೊಂಡು ದುಂಡಗಾದಳು. ತೊಡೆ ಮಾತ್ರ ಸೊರಗಿ ಸೀರೆಯೊಳಗೆ ಜೋತುಬಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಅವಳು ಮಂಚದ ಮೇಲೆಯೇ ಕೂತು ಹಳೆಯ ಸೀರೆ ಹರಿದು ಕೂಸಿಗೆ ದುಪ್ಪಟಿ ಹೊಲಿದಳು.

ಹೆರಿಗೆ ಹುಬ್ಬಳ್ಳಿಯಲ್ಲಾಯಿತು. ಹೆಣ್ಣು ಕೂಸು, ಮುದ್ದೆಯ ಹಾಗೆ ಗುಂಡಗೆ. ಆದರೆ ದಾನೇಶ್ವರಿಯ ಮೈಯಿಂದ ರಕ್ತ ಹೋಗುವುದು ನಿಲ್ಲಲಿಲ್ಲ. ಜೀವ ಉಳಿಯಬೇಕಾದರೆ ಗರ್ಭಕೋಶ ತೆಗೆಯಲೇಬೇಕು ಎಂದು ಅಲ್ಲಿಯ ಡಾಕ್ಟರು ಈರೇಶನಿಗೆ ಹೇಳಿದರು. ಅವನು ಏನೂ ಯೋಚಿಸದೆ ಹೂಂ ಎಂದ. ಹೆಂಡತಿಗೆ ಎಚ್ಚರವಾದ ಮೇಲೆ ಅವಳ ಕೈ ಹಿಡಿದು ಅವನೇ ಹೇಳಿದ, ಹೇಳಿ ತಾನೇ ಅತ್ತ. ಇನ್ನೊಂದು ಕೂಸು ಈ ಮನೆಗೆ ಬರುವುದಿಲ್ಲ ಎಂಬುದು ಅವರಿಬ್ಬರಿಗೆ ಮಾತ್ರ ಗೊತ್ತು. ಅವ್ವನಿಗೆ ಈಗಲೇ ಹೇಳುವುದು ಬೇಡ, ಮನೆಯಲ್ಲಿ ಕೂಸಿನ ಸಂಭ್ರಮ ಒಂದಷ್ಟು ದಿನ ಇರಲಿ ಎಂದು ಇಬ್ಬರೂ ಮಾತಾಡಿಕೊಂಡರು.

ಮನೆಗೆ ಬಂದು, ಕೂಸಿನ ಹೊಕ್ಕಳ ಬಳ್ಳಿ ಉದುರಿದ ಮೇಲೆ, ಒಂದು ಬೆಳಗ್ಗೆ ಎರೆಯುವುದೆಂದಾಯಿತು. ಅನ್ನವ್ವ ಕೋಳಿ ಕೂಗುವ ಮೊದಲೇ ಎದ್ದು ಕೂತಿದ್ದಳು. ಹಂಡೆಯಲ್ಲಿ ನೀರು ಕಾಯ್ದಿತ್ತು, ಎಣ್ಣೆ ಬೆಚ್ಚಗಾಗಿತ್ತು, ಲೋಬಾನಕ್ಕೆ ಕೆಂಡ ಸಿದ್ಧವಿತ್ತು. ಒಂದು ಕಡೆ ಈರೇಶ, ಇನ್ನೊಂದು ಕಡೆ ಶಮೀಮಾಬಿ ಹಿಡಿದು ಅವಳನ್ನು ಬಚ್ಚಲಿಗೆ ನಡೆಸಿದರು. ಇಷ್ಟು ದಿನ ಉಳಿಸಿಟ್ಟ ಕಾಲು ಅಷ್ಟು ದೂರಕ್ಕೇ ಗಡಗಡ ನಡುಗುವುದನ್ನು ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಿದ್ದ ದಾನೇಶ್ವರಿ ಕಂಡಳು. ಇಬ್ಬರೂ ಸೇರಿ ಅನ್ನವ್ವನನ್ನು ಮಣೆಯ ಮೇಲೆ ಇಳಿಸಿದರು. ಅವಳು ಸೀರೆ ಮೇಲೆತ್ತಿ, ಕಾಲು ಜೋಡಿಸಿ, ಚಾಚಿದಳು.

ಕಾಲು ಚಾಚಲಿಲ್ಲ. ಎರಡೂ ಮೊಣಕಾಲು ಒಲೆಗುಂಡುಗಳ ಹಾಗೆ ಮೇಲೆದ್ದು ನಿಂತವು.

ಅವಳು ಅಂಗೈಯಿಂದ ಒತ್ತಿದಳು. ಅಲುಗಲಿಲ್ಲ. ಬಿಗಿದಿರಬೇಕು, ಬಿಸಿನೀರು ಹಾಕಿ ಎಂದಳು. ಹಾಕಿದರು. ಮಗನಿಗೆ ಒತ್ತಲು ಹೇಳಿದಳು. ಈರೇಶ ಹೆದರುತ್ತಲೇ ಒತ್ತಿದ. ಅನ್ನವ್ವ ಸೆರಗಿನ ತುದಿ ಕಚ್ಚಿಕೊಂಡಳು, ಹಣೆಯ ಮೇಲೆ ಬೆವರು ಒಡೆಯಿತು, ಮೊಣಕಾಲು ಮಾತ್ರ ಎಲ್ಲಿತ್ತೋ ಅಲ್ಲೇ. ಅವನು ಕೈ ತೆಗೆದ.

ಇರಲಿ, ಕೂಸನ್ನು ಹಾಕಿ ಎಂದಳು ಅನ್ನವ್ವ. ಶಮೀಮಾಬಿ ಹಿಂದುಮುಂದು ನೋಡುತ್ತಲೇ ಹಾಕಿದಳು. ಅನ್ನವ್ವ ಎಣ್ಣೆಯ ಕೈಯಿಂದ ಕೂಸಿನ ಎದೆ ಸವರಿದ್ದಷ್ಟೇ, ಅದು ಇಳಿಜಾರಿನಲ್ಲಿ ಜಾರಿ ಪಕ್ಕಕ್ಕೆ ಉರುಳಿತು. ಶಮೀಮಾಬಿ ಥಟ್ಟನೆ ಹಿಡಿಯದಿದ್ದರೆ ಕಲ್ಲಿನ ಮೇಲೆ ಬೀಳುತ್ತಿತ್ತು. ಕೂಸಿಗೆ ಏನೂ ಆಗಲಿಲ್ಲ, ಬೆದರಿ ಚೀರಿತು. ದಾನೇಶ್ವರಿ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಿದ್ದಳು.

"ತಗೋ ಶಮೀಮಾ" ಎಂದಳು ಅನ್ನವ್ವ. "ನೀನ ಎರಿ."

ಶಮೀಮಾಬಿ ಬೇರೆ ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತು, ಅನ್ನವ್ವ ತನ್ನ ಮಕ್ಕಳಿಗೆ ಎರೆದದ್ದನ್ನು ನೆನೆದು ನೆನೆದು ಎರೆದಳು. ಅನ್ನವ್ವನಿಗೆ ತಾನಾಗಿ ಏಳಲು ಬರುವುದಿಲ್ಲ, ಆ ಹೊತ್ತಿನಲ್ಲಿ ಅವಳನ್ನು ಎತ್ತಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಮೊಮ್ಮಗಳ ಮೈ ತೊಳೆದ ನೀರು ಅವಳ ಸೀರೆಯ ಕೆಳಗೆ ಹರಿದುಹೋಗುತ್ತಿತ್ತು. ಅವಳು ಮಡಚಿದ ಕಾಲ ಮೇಲೆ ಎಣ್ಣೆಯ ಕೈ ಇಟ್ಟುಕೊಂಡು ಎರೆದು ಮುಗಿಯುವ ತನಕ ಅಲ್ಲೇ ಕೂತಿದ್ದಳು.

ಬಾಣಂತನದ ದಿನಗಳು ಕಳೆದ ಮೇಲೆ ಮತ್ತೆ ಹುಬ್ಬಳ್ಳಿಗೆ ಹೋದರು. ಈ ಸಲ ದಾನೇಶ್ವರಿಯೂ ಹೋದಳು. ನಿಲೋಫರ್ ಡಾಕ್ಟರು ಕಾಲು ಹಿಡಿದು ನೋಡಿ, ಇಷ್ಟು ದಿನ ಏನು ಮಾಡಿದಿರಿ ಎಂದು ಕೇಳಿದಳು. ದಾನೇಶ್ವರಿ ಎಲ್ಲವನ್ನೂ ಹೇಳಿದಳು, ನೆಲಕ್ಕೆ ಕಾಲಿಡಲು ಬಿಡಲಿಲ್ಲ, ಎಲ್ಲ ಮಂಚಕ್ಕೇ ಕೊಟ್ಟೆ, ಮೊಣಕಾಲ ಕೆಳಗೆ ದಿಂಬು ಇಟ್ಟೆ ಎಂದು. ಹೇಳುವಾಗ ಅವಳ ದನಿಯಲ್ಲಿ ಒಂದು ಹೆಮ್ಮೆಯೂ ಇತ್ತು. ಡಾಕ್ಟರು ಹಳೆಯ ಫೋಟೋ, ಹೊಸ ಫೋಟೋ ಜೋಡಿಸಿ ಹಿಡಿದು, ಗಾದಿ ಆಗ ಎಷ್ಟಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ ಇದೆ ಎಂದಳು. ಕೆಟ್ಟದ್ದು ಗಾದಿಯಲ್ಲ. ಕಾಲನ್ನು ಹಿಡಿದು ನಿಲ್ಲಿಸುವ ತೊಡೆಯ ಸ್ನಾಯು ಕೆಲಸವಿಲ್ಲದೆ ಸೊರಗಿತ್ತು. ದಿಂಬಿನ ಮೇಲೆ ಮಡಚಿಟ್ಟ ಮೊಣಕಾಲು ಮಡಚಿದಲ್ಲೇ ಬಿಗಿದುಕೊಂಡಿತ್ತು.

ಈರೇಶ ಬೇರಿಂಗಿನ ಮಾತೆತ್ತಿದ. ಅವನ ದನಿ ಅವನಿಗೇ ಕೇಳಿಸುವಂತಿರಲಿಲ್ಲ.

"ಬೇರಿಂಗಿಗೆ ಜೀವ ಇರೂದಿಲ್ರಿ. ಇದಕ್ಕ ಜೀವ ಐತಿ" ಎಂದಳು ಡಾಕ್ಟರು. "ಆ ಗಾದಿಗೆ ರಕ್ತದ ನಾಳ ಇಲ್ಲ. ಕಾಲು ಆಡಿದಾಗ, ನಡದಾಗ, ಒಳಗಿನ ನೀರು ಅದರಾಗ ಹೋಗಿ ಬರ್ತೈತಿ. ಅದ ಅದಕ್ಕ ಊಟರಿ. ನೀವು ಉಳಸತೀವಿ ಅಂತ ಉಪವಾಸ ಕೆಡವೀರಿ."

ದಿಂಬು ತೆಗೆದುಹಾಕಿ, ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮೊಣಕಾಲನ್ನು ಕೆಳಕ್ಕೆ ಒತ್ತಬೇಕು, ದಿನಾ, ಬಿಡದೆ, ಹಿಡಿದುಕೊಂಡಾದರೂ ನಡೆಯಬೇಕು, ಆಗದಿದ್ದರೆ ಮುಂದೆ ಆಪರೇಶನ್ ಇದೆ ಎಂದಳು. ನೆಟ್ಟಗಾಗಲು ಎಷ್ಟು ದಿನ ಬೇಕು ಎಂದು ಅನ್ನವ್ವ ಒಂದೇ ಮಾತು ಕೇಳಿದಳು. ಹಲವು ತಿಂಗಳು, ವರ್ಷವೂ ಆಗಬಹುದು ಎಂಬ ಉತ್ತರ ಬಂತು. ಅಷ್ಟರಲ್ಲಿ ಕೂಸು ಎದ್ದು ನಿಲ್ಲುತ್ತದೆ. ಎದ್ದು ನಿಲ್ಲುವ ಕೂಸಿಗೆ ಯಾರೂ ಕಾಲ ಮೇಲೆ ಹಾಕಿಕೊಂಡು ಎರೆಯುವುದಿಲ್ಲ. ಅನ್ನವ್ವ ತಲೆಯಾಡಿಸಿ ಸೆರಗು ಸರಿಮಾಡಿಕೊಂಡಳು.

ಮನೆಗೆ ಬಂದ ದಾನೇಶ್ವರಿ ಅತ್ತೆಯ ಮಂಚದ ಕೆಳಗೆ ಕುಸಿದು ಕೂತಳು. ಪ್ರೀತಿಯಿಂದ ಮಾಡಿದ್ದು ಇದಾಯಿತಲ್ಲ. ಸಿಟ್ಟಿನಿಂದ, ಅಸಡ್ಡೆಯಿಂದ ಕೆಡಿಸಿದ್ದರೆ ತಪ್ಪಾಯಿತು ಎಂದು ಕಾಲು ಹಿಡಿಯಬಹುದು. ಈ ಕಾಲನ್ನು ಹಿಡಿದು ಹಿಡಿದೇ ಅಲ್ಲವೇ ಅವಳು ಕೆಡಿಸಿದ್ದು? ನಾನೇ ನಿಮ್ಮ ಕಾಲು ಕಟ್ಟಿಹಾಕಿದೆ ಎಂದು ಬಿಕ್ಕಿದಳು. ಅನ್ನವ್ವ ಅವಳ ತಲೆಯ ಮೇಲೆ ಕೈಯಿಟ್ಟು, ಹುಚ್ಚಿ, ಕಾಲು ನಂದು, ನನಗೆ ಬುದ್ಧಿ ಎಲ್ಲಿ ಹೋಗಿತ್ತು ಎಂದಳು. ಆದರೆ ಅವಳ ಕಣ್ಣು ಬಾಗಿಲಾಚೆ, ತೊಟ್ಟಿಲಿನ ಕಡೆ ಇತ್ತು.

ಕಸರತ್ತು ಶುರುವಾಯಿತು. ಅಯ್ಯೋ, ಆ ನೋವು ನೋಡುವಂಥದಲ್ಲ. ಇಷ್ಟು ದಿನ ಎಲ್ಲಿ ಅಡಗಿತ್ತೋ, ಒಮ್ಮೆಲೇ ಹೊರಬಿತ್ತು. ಮೊದಲ ವಾರ ಒತ್ತಿದಳು. ಆಮೇಲೆ ಒಂದು ದಿನ ಬೇಡವೆಂದಳು, ಮರುದಿನವೂ ಬೇಡವೆಂದಳು. ಬಚ್ಚಲಲ್ಲಿ ಶಮೀಮಾಬಿ ಕೂಸಿಗೆ ಎರೆಯುವ ಹೊತ್ತಿಗೆ ಗೋಡೆಯ ಕಡೆ ತಿರುಗಿ ಮಲಗಿಬಿಡುವಳು. ಯಾರಿಗೋಸ್ಕರ ನೆಟ್ಟಗೆ ಮಾಡಬೇಕು ಈ ಕಾಲು ಎಂದು ಒಮ್ಮೆ ಗೊಣಗಿದಳು. ಒತ್ತದೆ ಬಿಟ್ಟರೆ ಮುಂದೆ ಆಪರೇಶನ್ನೇ ಗತಿ ಎಂದು ಡಾಕ್ಟರು ಹೇಳಿದ್ದು ದಾನೇಶ್ವರಿಗೆ ನೆನಪಾಗುತ್ತಿತ್ತು. ಬೇಡಿಕೊಂಡಳು, ಗದರಿಸಿದಳು, ಏನೂ ನಡೆಯಲಿಲ್ಲ.

ಹೀಗೇ ಕೆಲವು ದಿನ ಕಳೆದವು. ಒಂದು ಮುಂಜಾನೆ ದಾನೇಶ್ವರಿ ಚಹಾ ತಂದಾಗ ಅನ್ನವ್ವ ಎದ್ದು ಕೂತಿದ್ದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ ಇತ್ತು. ಟವೆಲ್ ಕೊಡು ಎಂದಳು. ದಾನೇಶ್ವರಿ ಸಂತೋಷದಿಂದ ಟವೆಲ್ ಸುತ್ತಿ ಹಿಮ್ಮಡಿಯ ಕೆಳಗೆ ಇಟ್ಟಳು. ಈರೇಶ ಗ್ಯಾರೇಜಿಗೆ ಹೊರಟವನು ಬಾಗಿಲಲ್ಲಿ ನಿಂತ.

"ಈ ಕೂಸಿಗಂತೂ ನನ್ನ ಕಾಲು ಒದಗಲಿಲ್ಲ, ಹೋಗ್ಲಿ" ಎಂದಳು ಅನ್ನವ್ವ. "ರಾತ್ರಿಯೆಲ್ಲಾ ವಿಚಾರ ಮಾಡಿದೆ ದಾನವ್ವಾ. ಎರಡನೇದಕ್ಕ ಗಡಿಬಿಡಿ ಮಾಡಬ್ಯಾಡ. ಒಂದೆರಡು ವರ್ಷ ಬಿಟ್ಟು ಹಡಿ. ಅಷ್ಟ್ರಾಗ ಇವನ್ನ ನೆಟ್ಟಗ ಮಾಡಿ ಇಟ್ಟಿರ್ತೀನಿ. ಅದಕ್ಕ ನಾನ ಎರಿಯಾಕಿ."

ಈರೇಶ ತಲೆ ತಗ್ಗಿಸಿದ. ದಾನೇಶ್ವರಿಗೆ ಹೊಟ್ಟೆಯ ಹೊಲಿಗೆ ಚುರುಕ್ಕೆಂದಿತು. ಹೇಳಿಬಿಡಬೇಕು ಎನಿಸಿತು, ಹೇಳಿದರೆ ಈ ಕಸರತ್ತು ಇವತ್ತೇ ನಿಂತುಹೋಗುತ್ತದೆ ಎಂದೂ ಗೊತ್ತಿತ್ತು. ಅನ್ನವ್ವ ಅವಳ ಮುಖವನ್ನೇ ನೋಡುತ್ತಿದ್ದಳು.

"ಹೂಂನ್ರಿ ಅತ್ತಿ" ಎಂದಳು ದಾನೇಶ್ವರಿ. "ಒತ್ತರಿ."

ಅನ್ನವ್ವ ಸೊಸೆಯ ಕೈ ಹಿಡಿದುಕೊಂಡು, ಹಲ್ಲು ಕಚ್ಚಿ, ಮೊಣಕಾಲನ್ನು ಕೆಳಕ್ಕೆ ಒತ್ತಿದಳು.